ಗಾಡಿಗೆ ಎಲ್ಲ ಬರುತ್ತದೆ, ನಿಲ್ಲಲು ಮಾತ್ರ ಬರುವುದಿಲ್ಲ

ಮೊನ್ನೆ ಬೆಳಗ್ಗೆ ಚಾ ಕುಡಿಯುವ ಹೊತ್ತಿಗೆ ಫೋನು ಟಣ್ ಎಂದಿತು. ನನ್ನ ಎಲೆಕ್ಟ್ರಿಕ್ ಸ್ಕೂಟರಿನ ಕಂಪನಿಯ ಸಂದೇಶ. ಹೊಸ ಅಪ್ಡೇಟ್ ಬಂದಿದೆಯಂತೆ. ಇನ್ನು ಗಾಡಿ ಹೊರಡುವಾಗ ನಮಗೆ ಬೇಕಾದ ಸದ್ದು ಇಟ್ಟುಕೊಳ್ಳಬಹುದಂತೆ, ಸ್ಕ್ರೀನಿನ ಬಣ್ಣ ಬದಲಾಯಿಸಬಹುದಂತೆ, ಹಬ್ಬದ ದಿನ ಗಾಡಿಯೇ ನಮಗೆ ಶುಭಾಶಯ ಹೇಳುತ್ತದಂತೆ. ಓದಿ ಅಂಗಳಕ್ಕೆ ಇಣುಕಿದೆ. ಗಾಡಿ ಟರ್ಪಾಲು ಹೊದ್ದು ಮಲಗಿತ್ತು. ಬ್ರೇಕ್ ಹೋಗಿ ಅಂದಿಗೆ 39ನೇ ದಿನ. ಟರ್ಪಾಲಿನ ಅಡಿಯಲ್ಲಿ ಬೆಕ್ಕು ಮೂರು ಮರಿ ಹಾಕಿತ್ತು. ಶುಭಾಶಯ ಹೇಳುವುದಿದ್ದರೆ ಅದಕ್ಕಾದರೂ ಹೇಳಬಹುದಿತ್ತು.

ಗಾಡಿ ಎಲೆಕ್ಟ್ರಿಕ್ ಆದ ಮಾತ್ರಕ್ಕೆ ಬ್ರೇಕ್ ಎಲೆಕ್ಟ್ರಿಕ್ ಆಗುವುದಿಲ್ಲ ಎಂಬ ಜ್ಞಾನೋದಯ ನನಗಾದದ್ದು ತಡವಾಗಿ. ಅದೇ ಹಳೆಯ ಡಿಸ್ಕು, ಅದೇ ಪ್ಯಾಡು, ಅದೇ ಪೈಪಿನೊಳಗೆ ಅದೇ ಬ್ರೇಕ್ ಆಯಿಲು. ಹೆಚ್ಚೆಂದರೆ ಲಿವರಿನ ಬುಡದಲ್ಲಿ ಒಂದು ಚಿಕ್ಕ ಸ್ವಿಚ್ಚು, ಬ್ರೇಕ್ ಹಿಡಿದಾಗ ಮೋಟರಿಗೆ ಹೋಗುವ ಕರೆಂಟು ಕಡಿಯಲಿಕ್ಕೆ. ಇನ್ನೊಂದು ಉಂಟು, ರೀಜೆನ್ ಅಂತ. ಎಕ್ಸಲೇಟರ್ ಬಿಟ್ಟರೆ ಮೋಟರೇ ಡೈನಮೋ ಆಗಿ, ಗಾಡಿಯನ್ನು ಹಿಂದಕ್ಕೆ ಹಿಡಿದು, ಬ್ಯಾಟರಿಗೆ ಒಂದಿಷ್ಟು ಕರೆಂಟು ತುಂಬುತ್ತದೆ. "ಇದರಲ್ಲಿ ಬ್ರೇಕ್ ಹಿಡಿಯುವ ಕೆಲಸವೇ ಇಲ್ಲ ಮಾಷ್ಟ್ರೇ" ಎಂದಿದ್ದ ಷೋರೂಮಿನ ಹುಡುಗ. ಅವನ ಮಾತು ಸುಳ್ಳೆನ್ನಲಾರೆ. ಕೊನೆಗೆ ಹಿಡಿಯಲಿಕ್ಕೆ ಏನೂ ಉಳಿಯಲಿಲ್ಲ.

ಅವನು ಹೇಳದ್ದು ಒಂದಿತ್ತು. ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಈ ರೀಜೆನ್ ಹೆಚ್ಚುಕಡಿಮೆ ಕೈಕಟ್ಟಿ ಕೂರುತ್ತದೆ. ತುಂಬಿದ ಕೊಡಕ್ಕೆ ಇನ್ನೆಲ್ಲಿ ಸುರಿಯುವುದು? ನನ್ನ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಗುಡ್ಡೆಯ ತಲೆಯಲ್ಲಿ. ರಾತ್ರಿ ಚಾರ್ಜಿಗಿಟ್ಟು ಬೆಳಗ್ಗೆ ನೂರಕ್ಕೆ ನೂರು ಮಾಡಿಕೊಂಡು ಗೇಟು ದಾಟಿದರೆ ಅಲ್ಲಿಂದಲೇ ಇಳಿಜಾರು. ಅಂದರೆ ನಿಲ್ಲಿಸುವ ಶಕ್ತಿ ಅತಿ ಹೆಚ್ಚು ಬೇಕಾದ ಜಾಗದಲ್ಲೇ ಅದು ಅತಿ ಕಡಿಮೆ. ಇದನ್ನು ಕಂಡುಹಿಡಿದ ಎಂಜಿನಿಯರು ಬಯಲುಸೀಮೆಯವನೇ ಇರಬೇಕು.

ಎರಡು ತಿಂಗಳಿಂದ ಮುಂದಿನ ಬ್ರೇಕು ಕಿರ್ರ್ ಎನ್ನುತ್ತಿತ್ತು. ಸರ್ವಿಸಿನವರು "ನಾರ್ಮಲ್ ಸರ್, ಮಳೆಗಾಲ ಅಲ್ವಾ" ಎಂದರು. ಆ ಶನಿವಾರ ಇಳಿಯುವಾಗ ಬಲಗೈ ಲಿವರು ಬೆಣ್ಣೆಯ ಹಾಗೆ ಹಿಡಿಯವರೆಗೆ ಹೋಗಿ ತಾಗಿತು. ಗಾಡಿ ಮಾತ್ರ ತನ್ನ ಪಾಡಿಗೆ, ಸದ್ದಿಲ್ಲದೆ, ಪರಿಸರಸ್ನೇಹಿಯಾಗಿ ಇಳಿಯುತ್ತಿತ್ತು. ತಿರುವಿನಲ್ಲಿ ನನ್ನನ್ನು ಕಾಪಾಡಿದ್ದು ರಸ್ತೆ ಕಾಮಗಾರಿಗೆಂದು ಎರಡು ವರ್ಷದ ಹಿಂದೆ ತಂದು ಸುರಿದ ಜಲ್ಲಿ ರಾಶಿ. ಕಂಟ್ರಾಕ್ಟರರನ್ನು ನಾನೂ ಬೈದವನೇ. ಆ ಬೈಗಳನ್ನೆಲ್ಲ ಈ ಮೂಲಕ ಹಿಂದೆಗೆದುಕೊಂಡಿದ್ದೇನೆ. ಅವರು ಕೆಲಸ ಮುಗಿಸಿದ್ದರೆ ನಾನು ಮುಗಿಯುತ್ತಿದ್ದೆ.

ನಮ್ಮ ಕಾಲದ ಸೈಕಲ್ಲಿಗೆ ಬ್ರೇಕ್ ಇರಲಿಲ್ಲವೆಂದಲ್ಲ, ಆದರೆ ಅದನ್ನು ಯಾರೂ ನಂಬುತ್ತಿರಲಿಲ್ಲ. ಇಳಿಜಾರಿನಲ್ಲಿ ಎಡಗಾಲಿನ ಹವಾಯಿ ಚಪ್ಪಲಿಯನ್ನು ಹಿಂದಿನ ಚಕ್ರಕ್ಕೆ ಒತ್ತಿದರಾಯಿತು. ಹಾಗಾಗಿ ಎಡಗಾಲಿನ ಚಪ್ಪಲಿ ಬೇಗ ಸವೆಯುತ್ತಿತ್ತು, ಅಂಗಡಿಯವ ಒಂದೇ ಕಾಲಿನದ್ದು ಕೊಡುತ್ತಿರಲಿಲ್ಲ. ನನ್ನ ಅಪ್ಪನ ಬಳಿ ಬಲಗಾಲಿನವೇ ನಾಲ್ಕು ಚಪ್ಪಲಿ ಇದ್ದವು. ಬಸ್ಸಿಗಾದರೆ ಕ್ಲೀನರ್ ಇದ್ದ. ಏರಿನಲ್ಲಿ ಬಸ್ಸು ನಿಂತರೆ ಮರದ ತುಂಡು ಹಿಡಿದು ಹಾರಿ, ಹಿಂದಿನ ಚಕ್ರಕ್ಕೆ ಕೊಟ್ಟು, ಸೊಂಟಕ್ಕೆ ಕೈಯಿಟ್ಟು ಬೀಡಿ ಹಚ್ಚುವನು. ಇಡೀ ಬಸ್ಸಿನ ಪ್ರಾಣ ಆ ಒಂದು ತುಂಡು ಮರದ ಮೇಲೆ. ಅದಕ್ಕೆ ಅಪ್ಡೇಟ್ ಬೇಕಿರಲಿಲ್ಲ, ಓಟಿಪಿಯೂ ಕೇಳುತ್ತಿರಲಿಲ್ಲ.

ಓಟಿಪಿ ಎಂದೆನಲ್ಲ, ಕಸ್ಟಮರ್ ಕೇರಿಗೆ ಫೋನು ಮಾಡಿದೆ. ಹಿಂದಿಗೆ 1, ಇಂಗ್ಲಿಷಿಗೆ 2, ಮಲಯಾಳಕ್ಕೆ 3. ಗಾಡಿಯ ನಂಬರು ಕೆಎಲ್ 14, ಅದಕ್ಕೆ ಕನ್ನಡ ಯಾಕೆ? 3 ಒತ್ತಿ, ನನ್ನ ಬದಿಯಡ್ಕ ಮಲಯಾಳದಲ್ಲಿ ಬ್ರೇಕ್ ಇಲ್ಲ ಎಂದೆ. ತೆಂಕಣ ಕಡೆಯ ಹುಡುಗಿ, ಪಾಪ, "ಸರ್ ಹಿಂದಿಯಲ್ಲಿ ಹೇಳಬಹುದಾ" ಎಂದು ಕೇಳಿದಳು. ಪ್ಯಾಡು, ಸೀಲು ಎರಡೂ ಕೊಚ್ಚಿಯಿಂದ ಬರಬೇಕಂತೆ. 300ಕ್ಕೂ ಹೆಚ್ಚು ಕಿಲೋಮೀಟರ್. ಮಂಗಳೂರು 50 ಚಿಲ್ಲರೆ ಕಿಲೋಮೀಟರಿನಲ್ಲಿ ಉಂಟಲ್ಲಮ್ಮಾ, ಅಲ್ಲಿ ಸ್ಟಾಕ್ ಇದೆಯಂತಲ್ಲ ಎಂದೆ. "ಅದು ಬೇರೆ ರೀಜನ್ ಸರ್."

1967ರಲ್ಲಿ ರಾಜ್ಯಗಳ ಗಡಿ ತಗಾದೆ ನೋಡಿದ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯ ಬಡಗಿನ ನಮ್ಮ ಊರುಗಳನ್ನು ಆಗಿನ ಮೈಸೂರಿಗೆ ಸೇರಿಸಿ ಎಂದಿತು. ಅದು ಆಗಲಿಲ್ಲ. ನಾವು ಅತ್ತೆವು, ಬರೆದೆವು, ಸಭೆ ಮಾಡಿದೆವು. ಈಗ ನನ್ನ ಬೇಡಿಕೆ ಇಳಿದಿದೆ. ನೆಲ ಎಲ್ಲಿದೆಯೋ ಅಲ್ಲೇ ಇರಲಿ, ಬ್ರೇಕ್ ಪ್ಯಾಡಿನ ಮಟ್ಟಿಗಾದರೂ ತಲಪಾಡಿಯ ಗಡಿ ತೆಗೆಯಿರಿ. ಮೀನಿನ ಲಾರಿ ದಾಟುತ್ತದೆ, ರೋಗಿ ದಾಟುತ್ತಾನೆ, ಮದುವೆ ದಿಬ್ಬಣ ದಾಟುತ್ತದೆ. ಎರಡು ಬೆರಳಗಲದ ಪ್ಯಾಡು ದಾಟುವುದಿಲ್ಲ.

ಮಿಕ್ಕದ್ದು ನಿಮಗೆ ಗೊತ್ತಿರುವ ಕಥೆಯೇ. 2024ರ ಸೆಪ್ಟೆಂಬರಿನಲ್ಲಿ ಕಲಬುರಗಿಯಲ್ಲಿ ಎಲೆಕ್ಟ್ರಿಕ್ ಸ್ಕೂಟರಿನ ಷೋರೂಮೊಂದು ಹೊತ್ತಿ ಉರಿದದ್ದು, ಸರ್ವಿಸಿಗೆ ಅಲೆದು ಬೇಸತ್ತ ಗಿರಾಕಿಯನ್ನೇ ಪೊಲೀಸರು ಹಿಡಿದದ್ದು ಓದಿದ್ದೀರಿ. ಮರುತಿಂಗಳು ಆ ಕಂಪನಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ನೋಟಿಸು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದ ದೂರು 10,644. ಅದರಲ್ಲಿ ಶೇಕಡಾ 99.1 ಬಗೆಹರಿಸಿಯಾಗಿದೆ ಎಂದು ಕಂಪನಿಯ ಉತ್ತರ. ನನ್ನ ಗಾಡಿ ಆ ಕಂಪನಿಯದ್ದಲ್ಲ. ಆದರೂ ಆ 99.1 ತಲೆಯಲ್ಲಿ ಕೂತುಬಿಟ್ಟಿತು. ಇಷ್ಟೊಂದು ದೂರು ಇಷ್ಟು ಚಂದಕ್ಕೆ ಬಗೆಹರಿಯುವುದು ಹೇಗೆ?

ನನ್ನ ಇಳಿಜಾರಿನ ಬುಡದಲ್ಲಿ ಎಲ್ಪಿ ಶಾಲೆ, ಎಂದರೆ ಕಿರಿಯ ಪ್ರಾಥಮಿಕ ಶಾಲೆ, ಉಂಟು. ಒಂಬತ್ತೂವರೆಗೆ ಮಕ್ಕಳು ಕೊಡೆ ಹಿಡಿದು, ಒಬ್ಬರ ಬೆನ್ನಿಗೊಬ್ಬರು, ರಸ್ತೆ ನೋಡದೆ ದಾಟುತ್ತಾರೆ. ಅಂದು ಶನಿವಾರ, ಶಾಲೆಗೆ ರಜೆ. ಸೋಮವಾರವಾಗಿದ್ದರೆ? ಇದನ್ನು ಕಸ್ಟಮರ್ ಕೇರಿಗೂ ಹೇಳಿದೆ. "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂದರು. ಅನಾನುಕೂಲವಂತೆ! ಸ್ಕ್ರೀನಿನ ಬಣ್ಣ ಬದಲಿಸಲು ಜನ ಇದ್ದಾರೆ, ರಾತ್ರಿ ಎರಡು ಗಂಟೆಗೆ ಗಾಡಿಗೆ ಹಾಡು ಕಳಿಸಲು ಜನ ಇದ್ದಾರೆ, ಬ್ರೇಕ್ ಹಾಕಲು ಇಲ್ಲ. ಬಿಡಿ, ಬರೆದು ಬರೆದು ನನಗೂ ಸಾಕಾಗಿದೆ.

ನಲವತ್ತನೇ ದಿನ ಪೇಟೆಯ ಗ್ಯಾರೇಜಿನವನನ್ನು ಮನೆಗೆ ಕರೆಸಿದೆ. ಬೆಕ್ಕಿನ ಮರಿಗಳನ್ನು ಬುಟ್ಟಿಗೆ ಹಾಕಿ, ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದ. ಪ್ಯಾಡು ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತು. ಆಯಿಲು ನೀರು ಕುಡಿದು ಹಾಲಿಲ್ಲದ ಕಟ್ಟಂಚಾಯದ ಬಣ್ಣಕ್ಕೆ ತಿರುಗಿತ್ತು. "ಎಂತ ಮಾಷ್ಟ್ರೇ, ಇದು ಪೆಟ್ರೋಲ್ ಬೈಕಿನ ಅದೇ ಕ್ಯಾಲಿಪರ್ ಅಲ್ಲವಾ? ಪ್ಯಾಡು ನನ್ನ ಅಂಗಡಿಯಲ್ಲೇ ಉಂಟು." ಸೀಲು ಬದಲಿಸಿ, ಹೊಸ ಆಯಿಲು ಹಾಕಿ, ಲಿವರು ಒತ್ತಿ ಒತ್ತಿ ಗಾಳಿ ತೆಗೆದ. ಮುಕ್ಕಾಲು ಗಂಟೆಯ ಕೆಲಸ. "ಕಂಪನಿಯವರಿಗೆ ಹೇಳಬೇಡಿ, ವಾರಂಟಿ ಹೋಗುತ್ತದೆ" ಎಂದ.

ಮರುದಿನ ಅದೇ ಇಳಿಜಾರಿನಲ್ಲಿ ಇಳಿಯುವಾಗ ಕಂಪನಿಯ ಫೋನು. ಈ ಸಲ ಕನ್ನಡ ಬಲ್ಲ ಹುಡುಗ, ಅದೇ ಒಂದು ಸಂತೋಷ.

"ಸರ್, ನಿಮ್ಮ ಬ್ರೇಕ್ ಕಂಪ್ಲೇಂಟ್ ಬಗ್ಗೆ. ಈಗ ಮಾತಾಡಬಹುದಾ?"

"ಹೇಳಪ್ಪ. ಗಾಡಿಯಲ್ಲಿದ್ದೆ, ಬದಿಗೆ ನಿಲ್ಲಿಸಿದ್ದೇನೆ."

"ಅಂದ್ರೆ ಗಾಡಿ ನಿಂತಿದೆ ಅಲ್ವಾ ಸರ್?"

"ನಿಂತಿದೆ."

"ಥ್ಯಾಂಕ್ಯೂ ಸರ್, ಕಂಪ್ಲೇಂಟ್ ಕ್ಲೋಸ್ ಮಾಡ್ತೇನೆ."