ಲೈಟ್ ಬಿದ್ದಷ್ಟೇ ದಾರಿ ನಮ್ಮದು

ಕಬ್ಬಿನ ಸೀಸನ್ ಶುರುವಾಗಿದೆ. ಇನ್ನು ನಾಲ್ಕೈದು ತಿಂಗಳು ನಮ್ಮ ಬಾಗಲಕೋಟೆ, ಬೆಳಗಾವಿ ಕಡೆಯ ರಸ್ತೆಗಳೆಲ್ಲ ಎರಡೆರಡು ಡಬ್ಬಿ ಎಳೆಯುವ ಟ್ರ್ಯಾಕ್ಟರ್‌ಗಳದ್ದೇ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನಂಥ ಎಷ್ಟೋ ಜನ ಇದೇ ತಿಂಗಳುಗಳಲ್ಲಿ ಸಂಕ್ರಾಂತಿಗೆ, ಜಾತ್ರೆಗೆ, ಮದುವೆಗೆ ಅಂತ ಊರಿಗೆ ಹೋಗುತ್ತೇವೆ. ಅದಕ್ಕೇ ಇದನ್ನು ಈಗ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ. ಗಾಡಿ ಓಡಿಸುವವರು ದಯವಿಟ್ಟು ಪೂರ್ತಿ ಓದಿ.

ಎರಡು ವರ್ಷದ ಹಿಂದೆ, ಡಿಸೆಂಬರ್‌ನಲ್ಲಿ, ಲೋಕಾಪುರ ದಾಟಿ ಮುಧೋಳದ ಕಡೆ ಹೋಗುತ್ತಿದ್ದೆ. ರಾತ್ರಿ ಒಂಬತ್ತೂವರೆ. ಪಕ್ಕದಲ್ಲಿ ನಮ್ಮ ಸೋದರಮಾವ, ಹಿಂದಿನ ಸೀಟಿನಲ್ಲಿ ಹೆಂಡತಿ ಮತ್ತು ಮಗಳು. ಮಾವ ಸರ್ಕಾರಿ ಬಸ್ಸಿನಲ್ಲಿ 29 ವರ್ಷ ಡ್ರೈವರ್ ಆಗಿದ್ದವರು. ನಾನು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದೆ. ಊರು ಹತ್ತಿರ ಬಂತು, ಊಟಕ್ಕೆ ಕಾಯುತ್ತಿರುತ್ತಾರೆ ಅನ್ನೋ ಅವಸರ. ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಮಾವ, "ತಮ್ಮಾ, ಜರಾ ಸಾವಕಾಶ ಹೊಡಿ. ಲೈಟ್ ಬಿದ್ದಷ್ಟ ದಾರಿ ನಮ್ದು. ಅದರ ಮುಂದಿಂದು ನಮ್ದಲ್ಲ" ಅಂದರು. ಅವರ ಮಾತು ಮೀರುವ ಅಭ್ಯಾಸ ನನಗಿಲ್ಲ. 60ಕ್ಕೆ ಇಳಿಸಿದೆ.

ಐದು ನಿಮಿಷವೂ ಆಗಿರಲಿಲ್ಲ. ಎದುರಿನಿಂದ ಒಂದು ಲಾರಿ ಹೈ ಬೀಮ್ ಹಾಕಿಕೊಂಡು ಬಂತು. ಅದು ದಾಟಿದ ಮೇಲೆ ಒಂದು ಕ್ಷಣ ಏನೂ ಕಾಣಲಿಲ್ಲ. ಆಮೇಲೆ ಕಂಡಿದ್ದು ಕಬ್ಬಿನ ತುದಿಗಳು. ಟ್ರ್ಯಾಕ್ಟರ್ ಅಲ್ಲ, ಡಬ್ಬಿ ಅಲ್ಲ, ಬರೀ ಕಬ್ಬು. ನೂರಾರು ಜಲ್ಲೆಗಳು ನಮ್ಮ ಗಾಜಿನ ಕಡೆಗೇ ಮುಖ ಮಾಡಿ ನಿಂತಿದ್ದವು. ಇದ್ದ ಬಲವೆಲ್ಲ ಹಾಕಿ ಬ್ರೇಕ್ ತುಳಿದೆ. ಪೆಡಲ್ ಕಾಲಡಿ ಗಡಗಡ ನಡುಗಿತು. ಗಾಡಿ ನಿಂತಾಗ ಕಬ್ಬಿಗೂ ಬಾನೆಟ್ಟಿಗೂ ನಡುವೆ ಒಂದು ಮಾರು ಜಾಗ ಇತ್ತು, ಅಷ್ಟೇ. ನಮ್ಮ ಕಾರಿನ ಮುಂದಿನ ಚಕ್ರದ ಹತ್ತಿರ ನಾಲ್ಕು ಕಲ್ಲು. ಪಂಚರ್ ಆಗಿ ನಿಂತಿದ್ದ ಟ್ರ್ಯಾಕ್ಟರ್ ಅದು. ಹಿಂದೆ ಬರುವವರಿಗೆ ಗೊತ್ತಾಗಲಿ ಅಂತ ಇಟ್ಟಿದ್ದ ಗುರುತು ಆ ನಾಲ್ಕು ಕಲ್ಲು ಮಾತ್ರ.

ಹಿಂದೆ ಕೂತಿದ್ದ ಮಗಳು ಬೆಲ್ಟ್ ಹಾಕಿರಲಿಲ್ಲ. ನನ್ನ ಸೀಟಿನ ಬೆನ್ನಿಗೆ ಬಂದು ಬಡಿದಳು. ತುಟಿ ಒಡೆದು ರಕ್ತ ಬಂತು. ಬೆಲ್ಟ್ ಹಾಕಿಸಬೇಕಿದ್ದವನು ನಾನು.

ಮನೆಗೆ ಹೋದ ಮೇಲೆ ನಿದ್ದೆ ಬರಲಿಲ್ಲ. ಕೂತು ಲೆಕ್ಕ ಹಾಕಿದೆ. ಗಂಟೆಗೆ 60 ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗೋದಕ್ಕೇ ಒಂದು ಸೆಕೆಂಡ್ ಬೇಕು. ಅಷ್ಟರಲ್ಲಿ 17 ಮೀಟರ್ ಹೋಗಿಬಿಟ್ಟಿರುತ್ತೇವೆ. ಒಣ ರಸ್ತೆಯಲ್ಲಿ, ಒಳ್ಳೆ ಟೈರ್ ಇದ್ದರೆ, ಬ್ರೇಕ್ ಹಿಡಿದ ಮೇಲೆ ಇನ್ನೊಂದು 20 ಮೀಟರ್. ಒಟ್ಟು 37. ಅದೇ 80 ಆದರೆ ಮೊದಲ ಸೆಕೆಂಡಿಗೇ 22 ಮೀಟರ್, ಬ್ರೇಕಿಗೆ ಇನ್ನೂ 36. ಒಟ್ಟು 58. ವೇಗ ಜಾಸ್ತಿ ಆಗಿದ್ದು ಮೂರನೇ ಒಂದು ಪಾಲು, ನಿಲ್ಲೋ ದೂರ ಜಾಸ್ತಿ ಆಗಿದ್ದು ಅರ್ಧಕ್ಕಿಂತ ಹೆಚ್ಚು. ಯಾಕೆಂದರೆ ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ.

ಈಗ ಲೈಟ್ ಲೆಕ್ಕಕ್ಕೆ ಬನ್ನಿ. ಡಿಮ್ ಹಾಕಿಕೊಂಡಾಗ ರೇಡಿಯಂ ಇಲ್ಲದ ವಸ್ತು ನಮಗೆ ಸರಿಯಾಗಿ ಕಾಣೋದು ಹೆಚ್ಚೆಂದರೆ ಒಂದು 40, 50 ಮೀಟರ್ ದೂರಕ್ಕೆ. ಅಂದರೆ 80ರಲ್ಲಿ ಹೋಗುವವನು ಕಂಡ ಮೇಲೆ ನಿಲ್ಲೋಕಾಗಲ್ಲ. ಎಷ್ಟೇ ಒಳ್ಳೆ ಡ್ರೈವರ್ ಆಗಿರಲಿ, ಎಷ್ಟೇ ದುಬಾರಿ ಕಾರಾಗಿರಲಿ. ನಾನು 60ರಲ್ಲಿ ನಿಂತ ಅದೇ ಜಾಗಕ್ಕೆ 80ರಲ್ಲಿ ಬಂದಿದ್ದರೆ, ಬ್ರೇಕ್ ಪೂರ್ತಿ ತುಳಿದಿದ್ದರೂ ಆ ಜಾಗದಲ್ಲಿ ಗಾಡಿ ಇನ್ನೂ 50ಕ್ಕೂ ಜಾಸ್ತಿ ವೇಗದಲ್ಲಿ ಇರುತ್ತಿತ್ತು. ಆ ಕಬ್ಬು ಎಲ್ಲಿಗೆ ಬರುತ್ತಿತ್ತು ಅಂತ ಯೋಚನೆ ಮಾಡಿದರೆ ಇವತ್ತಿಗೂ ಕೈ ತಣ್ಣಗಾಗುತ್ತದೆ. ಮತ್ತೆ ಉಳಿಯುತ್ತಿದ್ದ ಸಮಯ ಎಷ್ಟು? 20 ಕಿಲೋಮೀಟರ್ ದಾರಿಗೆ 80ರಲ್ಲಿ 15 ನಿಮಿಷ, 60ರಲ್ಲಿ 20 ನಿಮಿಷ. ಐದೇ ನಿಮಿಷ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಅಂತ ಕೇಂದ್ರ ಸಾರಿಗೆ ಇಲಾಖೆಯ ವರದಿಯೇ ಹೇಳುತ್ತದೆ. ಇಷ್ಟು ದೊಡ್ಡ ಅಂಕಿ ಓದಿದಾಗ ಮೊದಲೆಲ್ಲ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಈಗ ಮಗಳ ತುಟಿ ನೆನಪಾಗುತ್ತದೆ.

ಅವತ್ತಿನಿಂದ ಮಾವನ ಜೊತೆ ಎಲ್ಲಿಗೆ ಹೋದರೂ ಅವರು ರಸ್ತೆ ಹೇಗೆ ನೋಡುತ್ತಾರೆ ಅಂತ ಗಮನಿಸುತ್ತೇನೆ. ಅವರದ್ದು ಒಂದೇ ಹಟ: ಎದುರಿನವನು ತಪ್ಪು ಮಾಡೇ ಮಾಡ್ತಾನೆ ಅಂದುಕೊಂಡೇ ಗಾಡಿ ಓಡಿಸಬೇಕು. ಇದರಲ್ಲಿ ಯಾರ ಮೇಲೂ ಸಿಟ್ಟಿಲ್ಲ. ತಪ್ಪು ಯಾರದ್ದಾದರೂ ಗಾಡಿಯೊಳಗೆ ಇರೋರು ನಮ್ಮವರು ಅಲ್ವಾ?

ನಿಂತ ಬಸ್ಸಿನ ಪಕ್ಕ ಹೋಗುವಾಗ ಅದರ ಮುಂದಿನಿಂದ ಒಬ್ಬರು ಓಡಿ ಬರುತ್ತಾರೆ ಅಂತಲೇ ಅವರು ಕಾಲನ್ನು ಬ್ರೇಕ್ ಮೇಲೆ ಇಟ್ಟಿರುತ್ತಿದ್ದರಂತೆ. ಎಮ್ಮೆ ದಾಟಿದರೆ ಸಾಲದು, ಅದರ ಕರು ಎಲ್ಲಿ ಅಂತ ನೋಡಬೇಕು. ರಸ್ತೆ ಬದಿ ನಿಂತ ಕಾರು ಹೊರಡುತ್ತಾ ಇಲ್ವಾ ಅಂತ ತಿಳಿಯೋಕೆ ಇಂಡಿಕೇಟರ್ ನಂಬಬಾರದು, ಮುಂದಿನ ಚಕ್ರ ನೋಡಬೇಕು. ಚಕ್ರ ತಿರುಗಿದ್ದರೆ ಅವನು ಬಂದ ಅಂತಲೇ ಲೆಕ್ಕ. ಮುಂದೆ ಆಟೋ ಇದ್ದರೆ ಆಟೋ ಅಲ್ಲ, ಫುಟ್‌ಪಾತ್ ಮೇಲೆ ಕೈ ಎತ್ತುವವರು ಯಾರಿದ್ದಾರೆ ಅಂತ ನೋಡು ಅನ್ನುತ್ತಾರೆ. ಬೆಂಗಳೂರಿನಲ್ಲಿ ಈ ಒಂದು ಮಾತು ನನ್ನನ್ನು ಎಷ್ಟು ಸಲ ಕಾಪಾಡಿದೆಯೋ ಲೆಕ್ಕವಿಲ್ಲ.

ಲಾರಿಯವರ ಇಂಡಿಕೇಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮುಂದಿನ ಲಾರಿ ಬಲಗಡೆ ಇಂಡಿಕೇಟರ್ ಹಾಕಿದರೆ ಏನರ್ಥ? ಕೆಲವರಿಗೆ "ದಾರಿ ಖಾಲಿ ಇದೆ, ಮುಂದೆ ಹೋಗು" ಅಂತ. ಕೆಲವರಿಗೆ "ನಾನೇ ಬಲಕ್ಕೆ ತಿರುಗ್ತಿದ್ದೀನಿ" ಅಂತ. ಹಾಗೇ ಎದುರಿನವನು ಲೈಟ್ ಮಿಣುಕಿಸಿದರೆ "ನೀವು ಬನ್ನಿ" ಅಂತಲೂ ಇರಬಹುದು, "ನಾನು ನುಗ್ತಿದ್ದೀನಿ, ನಿಲ್ಲು" ಅಂತಲೂ ಇರಬಹುದು. ನಮ್ಮಲ್ಲಿ ಜಾಸ್ತಿ ಎರಡನೆಯದೇ. ಇನ್ನೊಬ್ಬರ ಸಿಗ್ನಲ್ ನಂಬಿ ಓವರ್‌ಟೇಕ್ ಮಾಡಬೇಡಿ. ದಾರಿ ನಿಮ್ಮ ಕಣ್ಣಿಗೇ ಕಾಣಬೇಕು. ಕಾಣದಿದ್ದರೆ ಹಿಂದೆಯೇ ಇರಿ.

ಹಿಂದೆ ಇರೋದು ಅಂದರೆ ಲಾರಿಯ ಬಂಪರಿಗೆ ಅಂಟಿಕೊಂಡು ಅಲ್ಲ. ಮುಂದಿನ ಗಾಡಿ ಒಂದು ಕಿಲೋಮೀಟರ್ ಕಲ್ಲನ್ನೋ ಕಂಬವನ್ನೋ ದಾಟಿದ ತಕ್ಷಣ ಮನಸ್ಸಲ್ಲೇ ಎಣಿಸಿ: ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು. ಎಣಿಸಿ ಮುಗಿಯುವ ಮೊದಲೇ ನೀವು ಆ ಕಲ್ಲಿನ ಹತ್ತಿರ ಬಂದರೆ ತುಂಬಾ ಹತ್ತಿರ ಇದ್ದೀರಿ. ಮಳೆ ಬರುತ್ತಿದ್ದರೆ ಆರರವರೆಗೆ ಎಣಿಸಿ. ಇದನ್ನು ಹೇಳಿದರೆ ಎಲ್ಲರೂ ಕೇಳೋದು ಒಂದೇ: "ಗ್ಯಾಪ್ ಬಿಟ್ಟರೆ ಬೇರೆಯವನು ನುಗ್ತಾನಲ್ಲ?" ನುಗ್ಗಲಿ. ಒಬ್ಬ ನುಗ್ಗಿದರೆ ನೀವು ಕಳೆದುಕೊಳ್ಳೋದು ಎರಡು ಮೂರು ಸೆಕೆಂಡ್. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗೋವಷ್ಟರಲ್ಲಿ 20 ಜನ ನುಗ್ಗಿದರೂ ಒಂದೇ ನಿಮಿಷ ತಡ. ನಾನು ಆ ದಾರಿಯಲ್ಲಿ ಇದನ್ನು ಮಾಡಿ ನೋಡಿದ್ದೇನೆ. ಬ್ರೇಕ್ ತುಳಿಯೋದು ಎಷ್ಟೋ ಕಡಿಮೆಯಾಗುತ್ತದೆ, ಊರು ಮುಟ್ಟಿದಾಗ ಭುಜ ನೋಯೋದಿಲ್ಲ.

ಶಿರಾ, ಹಿರಿಯೂರು ಕಡೆ ಹೈವೇಯಲ್ಲಿ ಇನ್ನೊಂದು ಅಪಾಯ ಇದೆ. ಲಾರಿಗಳು ಬಲಗಡೆಯ ಲೇನ್ ಬಿಡೋದಿಲ್ಲ, ನಾವು ಬೇಸತ್ತು ಎಡಗಡೆಯಿಂದ ನುಗ್ಗುತ್ತೇವೆ. ಡಾಬಾ ಹತ್ತಿರ ಲಾರಿ ನಿಲ್ಲಿಸಿರೋದು ಅದೇ ಎಡಗಡೆಯಲ್ಲಿ. ಪಕ್ಕದ ಲಾರಿ ಅಡ್ಡ ಇರೋದರಿಂದ ಕೊನೆವರೆಗೂ ಅದು ಕಾಣೋದಿಲ್ಲ. ರಾಂಗ್ ಸೈಡಿನಲ್ಲಿ ಬೈಕ್ ಬರೋದೂ ಆ ಕಡೆಯಿಂದಲೇ. ಎಡದಿಂದ ಹೋಗಲೇಬೇಕು ಅಂತಿದ್ದರೆ ಮುಂದೆ ಉದ್ದಕ್ಕೂ ಖಾಲಿ ಕಾಣುವವರೆಗೆ ಕಾಯಿರಿ.

ಎದುರಿನವನು ಹೈ ಬೀಮ್ ಹಾಕಿಕೊಂಡು ಬಂದರೆ ನೀವೂ ಹಾಕಬೇಡಿ. ಆಗ ಇಬ್ಬರಿಗೂ ಕಣ್ಣಿಲ್ಲ. ನೋಟವನ್ನು ಎಡಗಡೆಯ ಬಿಳಿ ಗೆರೆಗೆ ಇಳಿಸಿ, ವೇಗ ಇಳಿಸಿ, ಅವನು ದಾಟಿದ ಮೇಲೂ ಎರಡು ಸೆಕೆಂಡ್ ಹಾಗೇ ಇರಿ. ನನ್ನ ಕಬ್ಬು ಇದ್ದಿದ್ದು ಆ ಎರಡು ಸೆಕೆಂಡಿನಲ್ಲೇ.

ನಿದ್ದೆ ಬಂದರೆ ಚಹಾ, ಹಾಡು, ಕಿಟಕಿ ಗಾಳಿ ಯಾವುದೂ ಸಾಕಾಗೋದಿಲ್ಲ. ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿ 20 ನಿಮಿಷ ಮಲಗಿ. ರಾತ್ರಿ ಪೂರ್ತಿ ಓಡಿಸಿ ಬೆಳಿಗ್ಗೆ ಊರು ಸೇರೋ ಪ್ಲಾನನ್ನೇ ನಾನು ಬಿಟ್ಟಿದ್ದೇನೆ.

ಹಿಂದಿನ ಸೀಟಿನ ಬೆಲ್ಟ್ ಬಗ್ಗೆ ಬೇಡಿಕೊಂಡೇ ಹೇಳುತ್ತೇನೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಟಾಟಾ ಸನ್ಸ್ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿಯವರಿದ್ದ ಕಾರು ಸೇತುವೆಯ ಗೋಡೆಗೆ ಬಡಿದಿದ್ದು ನೆನಪಿರಬಹುದು. ಮುಂದೆ ಕೂತಿದ್ದ ಇಬ್ಬರೂ ಬದುಕಿದರು. ಹಿಂದೆ ಬೆಲ್ಟ್ ಇಲ್ಲದೆ ಕೂತಿದ್ದ ಇಬ್ಬರೂ ಹೋದರು. ಅದು ಒಳ್ಳೆಯ, ದುಬಾರಿ ಕಾರು. ಹಿಂದೆ ಕೂತವರು ಬೆಲ್ಟ್ ಹಾಕದಿದ್ದರೆ 1,000 ರೂಪಾಯಿ ದಂಡ ಅಂತ ಕಾನೂನೂ ಇದೆ. ಆದರೆ ದಂಡಕ್ಕೆ ಹೆದರಿ ಬೇಡ. ಈಗ ನಮ್ಮ ಕಾರಿನಲ್ಲಿ ನಾಲ್ಕು "ಟಕ್" ಕೇಳುವವರೆಗೆ ನಾನು ಕೀ ತಿರುಗಿಸೋದಿಲ್ಲ. ಮಗಳೇ ಎಣಿಸುತ್ತಾಳೆ. ಅಮ್ಮ ಮೊದಮೊದಲು "ಹೊಟ್ಟಿ ಹಿಡದಂಗ ಆಗ್ತೈತಿ" ಅನ್ನುತ್ತಿದ್ದರು. ಈಗ ಅವರೇ ಮೊದಲು ಹಾಕಿಕೊಳ್ಳುತ್ತಾರೆ.

ಆ ರಾತ್ರಿಯ ಮಾತು ಪೂರ್ತಿ ಹೇಳಲಿಲ್ಲ. ಕಾರನ್ನು ರಸ್ತೆಯಿಂದ ಕೆಳಗಿಳಿಸಿ, ಎಲ್ಲರನ್ನೂ ಹೊಲದ ಬದುವಿನ ಮೇಲೆ ನಿಲ್ಲಿಸಿ, ಮಾವ ಮೊಬೈಲ್ ಟಾರ್ಚ್ ಹಿಡಿದು ಐವತ್ತು ಅರವತ್ತು ಹೆಜ್ಜೆ ಹಿಂದಕ್ಕೆ ಹೋದರು. ಬರುವ ಪ್ರತಿ ಗಾಡಿಗೂ ಬೆಳಕು ಬೀಸುತ್ತಾ ಅರ್ಧ ಗಂಟೆ ಅಲ್ಲೇ ಇದ್ದರು. ಜಾಕ್ ತರಲು ಹೋಗಿದ್ದ ಟ್ರ್ಯಾಕ್ಟರ್ ಹುಡುಗ ಬಂದ. ಇಪ್ಪತ್ತು ವರ್ಷ ಇರಬಹುದು. ಮಾವ ಬಯ್ಯಲಿಲ್ಲ. "ಯಾಕಪಾ, ಹಿಂದ ಲೈಟ್ ಇಲ್ಲೇನು?" ಅಂತ ಕೇಳಿದರು. ಅವನು ಮುಖ ಸಣ್ಣದು ಮಾಡಿಕೊಂಡು, "ಐತ್ರಿ ಕಾಕಾ, ಕಬ್ಬ ಮುಚ್ಚೈತ್ರಿ" ಅಂದ. ನಿಜ. ಬಗ್ಗಿ ನೋಡಿದೆ. ಜೋತುಬಿದ್ದ ಜಲ್ಲೆಗಳ ಒಳಗೆ ಕೆಂಪು ದೀಪ ಉರಿಯುತ್ತಲೇ ಇತ್ತು. ಡಬ್ಬಿಗೆ ರೇಡಿಯಂ ಕೂಡ ಅಂಟಿಸಿದ್ದ. ಎರಡೂ ಕಬ್ಬಿನ ಹಿಂದೆ ಮರೆಯಾಗಿದ್ದವು.

ಹೊರಡುವ ಮೊದಲು ಆ ನಾಲ್ಕು ಕಲ್ಲುಗಳನ್ನು ಮಾವ ತಾವೇ ಎತ್ತಿ ಗಟಾರಕ್ಕೆ ಹಾಕಿದರು. ಗಾಡಿ ರಿಪೇರಿಯಾದ ಮೇಲೆ ಕಲ್ಲನ್ನು ಹಾಗೇ ಬಿಟ್ಟು ಹೋಗೋದರಿಂದ ಎಷ್ಟು ಬೈಕಿನವರು ಬಿದ್ದಿದ್ದಾರೆ ಅಂತ ದಾರಿಯುದ್ದಕ್ಕೂ ಹೇಳುತ್ತಾ ಬಂದರು.

ಮರುದಿನ ಮುಧೋಳದಲ್ಲಿ ಎರಡು ರೋಲ್ ಕೆಂಪು ರೇಡಿಯಂ ಟೇಪ್ ತಂದೆ. ಖಾಲಿ ಗೊಬ್ಬರದ ಚೀಲಗಳನ್ನು ಉದ್ದಕ್ಕೆ ಕತ್ತರಿಸಿ, ಮೇಲೆ ಟೇಪ್ ಹೊಲಿಸಿ, ಎರಡು ತುದಿಗೆ ಹಗ್ಗ ಕಟ್ಟಿಸಿದೆವು. ಕಬ್ಬು ಏರಿದ ಮೇಲೆ ಜಲ್ಲೆಗಳ ತುದಿಗೇ ಬಿಗಿದರೆ ಮುಚ್ಚಿಹೋಗುವ ಪ್ರಶ್ನೆ ಇಲ್ಲ. ನಮ್ಮ ಓಣಿಯ ಏಳು ಟ್ರ್ಯಾಕ್ಟರ್‌ಗಳಿಗೆ ಕೊಟ್ಟೆವು. ಹೋದ ವಾರ ಮಾವ ಫೋನ್ ಮಾಡಿದ್ದರು. ಹಳೆಯವು ಹರಿದಿವೆಯಂತೆ, ಈ ಸಲ ಪಕ್ಕದ ಊರಿನವರೂ ಕೇಳುತ್ತಿದ್ದಾರಂತೆ. ಶನಿವಾರ ಊರಿಗೆ ಹೊರಟಿದ್ದೇನೆ. ಹತ್ತು ರೋಲ್ ತಗೊಂಡಿದ್ದೇನೆ. ನಿಮ್ಮ ಊರಿನ ಟ್ರ್ಯಾಕ್ಟರ್‌ಗಳಿಗೂ ಕಟ್ಟಬೇಕು ಅನ್ನಿಸಿದರೆ ಹೇಳಿ, ಚೀಲ ಹೇಗೆ ಹೊಲಿಸೋದು ಅಂತ ಫೋಟೋ ಹಾಕುತ್ತೇನೆ.