ಶೆಟ್ಟಿ, ಇಬ್ಬರು ಹುಡುಗರನ್ನು ಕಳಿಸು

ದರೋಡೆ ಕೇಸಲ್ಲಿ ಶಿಕ್ಷೆಯಾದವನು ಹೈಕೋರ್ಟಿಗೆ ಅಪೀಲು ಹೋದ ಅಂದರೆ ನಮ್ಮ ಮುಂಬೈ ಹೋಟೆಲಿನ ಗಲ್ಲಾದ ಹತ್ತಿರ ಕೇಳುವ ಮಾತು ಒಂದೇ: "ದುಡ್ಡು ಕೊಟ್ಟು ಪಾರಾಗ್ತಾನೆ ಬಿಡಿ." ನನಗೆ ಈ ಮಾತು ಒಪ್ಪಿಗೆಯಿಲ್ಲ. ಎಷ್ಟೋ ಕೇಸುಗಳಲ್ಲಿ ಪೊಲೀಸರ ಕಾಗದವನ್ನು ಯಾರಾದರೂ ಸರಿಯಾಗಿ ಓದುವುದೇ ಅಪೀಲಿನಲ್ಲಿ.

ಅಪರಿಚಿತ ಕಳ್ಳನಾದರೆ ಗುರುತಿನ ಪರೇಡ್ ಮಾಡುತ್ತಾರೆ, ಅಂದರೆ ಆರೋಪಿಯನ್ನು ಬೇರೆಯವರ ಜೊತೆ ಸಾಲಾಗಿ ನಿಲ್ಲಿಸಿ ಸಾಕ್ಷಿಗೆ ಗುರುತಿಸಲು ಹೇಳುತ್ತಾರೆ. ಕತ್ತಲಲ್ಲಿ, ಹೆದರಿದ ಹೊತ್ತಲ್ಲಿ ಅರೆಕ್ಷಣ ಕಂಡ ಮುಖ. ಪರೇಡ್ ಬೇಗ ಆಗಬೇಕು. ಅದಕ್ಕೂ ಮೊದಲು ಪೊಲೀಸ್ ಚೌಕಿಯಲ್ಲಿ ಫೋಟೊ ತೋರಿಸಿಬಿಟ್ಟರೆ ಮುಗೀತು, ಸಾಕ್ಷಿ ಗುರುತಿಸುವುದು ಆ ಫೋಟೊವನ್ನು. 2006ರ ಮುಂಬೈ ರೈಲು ಸ್ಫೋಟದ ಕೇಸು ನೋಡಿ. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಶಿಕ್ಷೆಯಾಗಿದ್ದ 12 ಜನರನ್ನೂ ಖುಲಾಸೆ ಮಾಡಿತು. ಪರೇಡ್ ನಡೆಸಿದ ಅಧಿಕಾರಿಗೆ ಆ ಅಧಿಕಾರವೇ ಇರಲಿಲ್ಲ ಅನ್ನುವುದೂ ಒಂದು ಕಾರಣ. ಮೂರೇ ದಿನದಲ್ಲಿ ಸುಪ್ರೀಂ ಕೋರ್ಟ್, ಈ ತೀರ್ಪನ್ನು ಬೇರೆ ಕೇಸುಗಳಿಗೆ ಮಾದರಿ ಮಾಡಬೇಡಿ ಎಂದಿತು. ಆದರೆ ಅವರನ್ನು ಮತ್ತೆ ಜೈಲಿಗೆ ಕಳಿಸಲಿಲ್ಲ. ದೇಶವೇ ನೋಡುತ್ತಿದ್ದ ಕೇಸಿನಲ್ಲೇ ಹೀಗೆ. ಕುರ್ಲಾದ ಗಲ್ಲಿಯ ದರೋಡೆ ಕೇಸಿನ ಪರೇಡನ್ನು ಯಾರು ನೋಡಿರುತ್ತಾರೆ?

ಇನ್ನು ಮಾಲು ಸಿಕ್ಕ ಪಂಚನಾಮೆ, ಅಂದರೆ ಕದ್ದ ಚಿನ್ನ ಎಲ್ಲಿ, ಹೇಗೆ ಸಿಕ್ಕಿತು ಎಂದು ಪೊಲೀಸರು ಬರೆದು, ಪಂಚರು ಎನ್ನುವ ಸಾಕ್ಷಿಗಳಿಂದ ಸಹಿ ಹಾಕಿಸುವ ಕಾಗದ. ಇದರಲ್ಲಿ ನಾವೂ ಇದ್ದೇವೆ. "ಶೆಟ್ಟಿ, ದೋನ್ ಪೋರಂ ಪಾಠವ್" (ಇಬ್ಬರು ಹುಡುಗರನ್ನು ಕಳಿಸು) ಎಂದು ಚೌಕಿಯಿಂದ ಹೇಳಿಕಳಿಸುತ್ತಾರೆ. ಕುಂದಾಪುರದಿಂದ ಮೊನ್ನೆ ಬಂದ ಹುಡುಗ ಹೋಗಿ ಮರಾಠಿ ಕಾಗದಕ್ಕೆ ಸಹಿ ಹಾಕಿ ಬರುತ್ತಾನೆ. ಚಿನ್ನ ಎಲ್ಲಿ ಸಿಕ್ಕಿತು, ಯಾರು ತೋರಿಸಿದರು, ಒಂದೂ ನೋಡಿಲ್ಲ. ವರ್ಷಗಳ ಮೇಲೆ ಸಮನ್ಸ್ ಬರುತ್ತದೆ. ಕಟಕಟೆಯಲ್ಲಿ ನಿಂತು ನಿಜ ಹೇಳಿದರೆ ಪಂಚನಾಮೆ ಬಿದ್ದುಹೋಗುತ್ತದೆ, ಹೇಳದಿದ್ದರೆ ಒಬ್ಬ ಒಳಗೆ ಹೋಗುತ್ತಾನೆ. ಚಿನ್ನ ಕಳಕೊಂಡವರಿಗಂತೂ ನಿಜವಾದ ಕಳ್ಳ ಯಾರು ಅಂತ ಕೊನೆಗೂ ಗೊತ್ತಾಗುವುದಿಲ್ಲ.

2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಶೋಧ, ಜಪ್ತಿ ಎಲ್ಲ ವಿಡಿಯೊ ಆಗಬೇಕು. ಒಳ್ಳೆಯದೇ. ಹಳೆಯ ಕೇಸುಗಳಲ್ಲಿ ಮಾತ್ರ ಆ ಸಹಿಯೇ ಗತಿ.

ಯಾರ ಮನೆಯವರಾದರೂ ಒಳಗಿದ್ದರೆ ಇಷ್ಟು ಗೊತ್ತಿರಲಿ: ಸೆಷನ್ಸ್ ಕೋರ್ಟಿನ ಶಿಕ್ಷೆಯ ಮೇಲೆ ಹೈಕೋರ್ಟಿಗೆ ಹೋಗಲು 60 ದಿನ. ತಡವಾದರೆ ಕಾರಣ ಹೇಳಿ ಅರ್ಜಿ ಹಾಕಬಹುದು. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನಿನಂತೆ ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ.

ಹೋಟೆಲಿನವರಿಗೆ ಇನ್ನೊಂದು ಮಾತು. ಪೊಲೀಸರು ಲಿಖಿತ ಆದೇಶ ಕೊಟ್ಟು ಕರೆದರೆ, ಸರಿಯಾದ ಕಾರಣವಿಲ್ಲದೆ ಪಂಚರಾಗಿ ಹೋಗಲ್ಲ ಅನ್ನುವ ಹಾಗಿಲ್ಲ. ಆದರೆ ಓದದೆ, ನೋಡದೆ ಸಹಿ ಹಾಕಿ ಅಂತ ಯಾವ ಕಾನೂನೂ ಹೇಳಿಲ್ಲ. ನಾವಂತೂ ಈಗ ಮರಾಠಿ ಓದಲು ಬರುವವರನ್ನೇ ಕಳಿಸುತ್ತೇವೆ. ಚೌಕಿಯವರು ಸ್ವಲ್ಪ ಗೊಣಗುತ್ತಾರೆ, ಗೊಣಗಲಿ.