ರೇರ್ ಅಂತೆ, ರೇರ್!

ಹಳೆಯ ಜಿ.ಐ. ಜೋ ಬೊಂಬೆ (ಅಮೆರಿಕ ಮೂಲದ ಪುಟ್ಟ ಪ್ಲಾಸ್ಟಿಕ್ ಸೈನಿಕ) ಮಾರುವವರೆಲ್ಲ ಒಂದೇ ಮಂತ್ರ ಜಪಿಸುತ್ತಾರೆ: ‘ರೇರ್, ವಿಂಟೇಜ್’. ಫೋಟೋ ನೋಡಿದರೆ ಮಂಜು ಮಂಜು. ಬಂದೂಕು ಇಲ್ಲ, ಬ್ಯಾಗ್ ಇಲ್ಲ, ಹೆಬ್ಬೆರಳಂತೂ ಕೇಳಲೇಬೇಡಿ. ಬಂದೂಕನ್ನು ಕೈಗೆ ಬಲವಂತವಾಗಿ ತುರುಕಿದರೆ ಹೆಬ್ಬೆರಳು ಢಮಾರ್. ಅದಕ್ಕೇ ನಾನು ಮೊದಲು ಕೇಳುವುದು ಎರಡೂ ಕೈಗಳ ಫೋಟೋ, ಆಮೇಲೆ ಬೆನ್ನಿನದು. ಬೆನ್ನಿನ ಸ್ಕ್ರೂ ಬಿಚ್ಚಿದರೆ ಒಳಗೆ ಎದೆ, ಸೊಂಟ, ಕಾಲುಗಳನ್ನು ಹಿಡಿದಿಡುವ ರಬ್ಬರ್ ರಿಂಗ್ ಇರುತ್ತದೆ. ಅದು ಹಳತಾಗಿ ತುಂಡಾದರೆ ಬೊಂಬೆ ಎರಡು ಭಾಗ. ಹೊಸ ರಿಂಗ್ ಹಾಕಿಕೊಳ್ಳಬಹುದು, ಅದಕ್ಕೆ ತಕರಾರಿಲ್ಲ. ಸ್ಕ್ರೂ ತುಕ್ಕು ಹಿಡಿದಿದ್ದರೆ ಮಾತ್ರ ಬೇಡಪ್ಪಾ ಬೇಡ.

ಇಷ್ಟು ಕೇಳಿದ್ದಕ್ಕೆ ಬರುವ ಉತ್ತರ: ‘ಬೇಕಾದ್ರೆ ತಗೊಳ್ಳಿ ಸರ್, ಫಾರಿನ್‌ನವರು ಕೇಳ್ತಿದ್ದಾರೆ.’ ಇದರಲ್ಲಿ ಸ್ವಲ್ಪ ನಿಜವೂ ಇದೆ, ಅದೇ ಹೊಟ್ಟೆ ಉರಿ. ನಮ್ಮ ದೇಶದ ಆಟಿಕೆ ಕಂಪನಿ ಫನ್‌ಸ್ಕೂಲ್ ಇಲ್ಲೇ ತಯಾರಿಸಿದ ಎಷ್ಟೋ ಜೋಗಳ ಬಣ್ಣ ಅಮೆರಿಕದ ಬೊಂಬೆಗಳಿಗಿಂತ ಬೇರೆ. ಹಾಗಾಗಿ ಹೊರಗಿನ ಸಂಗ್ರಹಕಾರರು ಹುಡುಕುತ್ತಾರೆ. ಆದರೆ ಅವರು ಹುಡುಕುವುದು ಅಂಗಡಿಯಲ್ಲಿ ಬಂದ ಪ್ಯಾಕಿಂಗ್ ಕಾರ್ಡ್ ಸಮೇತ ಇರುವುದನ್ನು. ಒಂದು ಕಾಲಿನ ಜೋ ಯಾರಿಗೆ ಬೇಕು?

ಸರಿ, ನನಗೇ ಬೇಕು. ಬಿಡಿಭಾಗಕ್ಕೆ ಆಗುತ್ತದೆ. ಅದಕ್ಕೂ ರೇರ್ ಅಂತ ಬೆಲೆ ಹಾಕಿದರೆ ಹೇಗೆ ಮಾರಾಯ್ರೆ?